ಮನೆ ಕಟ್ಟಿ, ಮೋರಿ ಕಟ್ಟಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಗಾದೆ ಮಾಡಿಟ್ಟು ಹೋಗಿದ್ದಾರೆ. ಆ ಹಿರಿಯರೆಲ್ಲ ಗಂಡಸರೇ ಇರಬೇಕೆಂದು ನನ್ನ ಗುಮಾನಿ. ಗಾದೆ ಮಾಡುವಾಗ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತಿದ್ದರೆ ‘ಮೋರಿ ಕಟ್ಟಿದಾಗ ನೋಡು’ ಎಂದು ಮೂರನೆಯದನ್ನೂ ಸೇರಿಸಿಯೇ ಏಳುತ್ತಿದ್ದಳು. ಇಷ್ಟು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ, ಸಮಾಜ ಎರಡನ್ನೂ ಹೇಳಿಕೊಟ್ಟ ನನಗೆ ಈ ‘ಕಟ್ಟು’ ಎಂಬ ಕ್ರಿಯಾಪದದ ಮೇಲೆ ಒಂದು ಬಗೆಯ ಮೋಹ. ಮನೆ ಕಟ್ಟುತ್ತೇವೆ, ತಾಳಿ ಕಟ್ಟುತ್ತಾರೆ, ಹೂವು ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ತಿಂಗಳಿಗೊಮ್ಮೆ ಚೀಟಿ ದುಡ್ಡು ಕಟ್ಟುತ್ತೇವೆ. ಇವಕ್ಕೆಲ್ಲ ಒಬ್ಬ ಕರ್ತೃ ಬೇಕು. ಮೋರಿ ಮಾತ್ರ ಕರ್ತೃವೇ ಇಲ್ಲದೆ ತನಗೆ ತಾನೇ ಕಟ್ಟಿಕೊಳ್ಳುತ್ತದೆ. ‘ಇದನ್ನು ಕಟ್ಟಿಸಿದವರು ಯಾರು?’ ಎಂದು ಮನೆಯಲ್ಲಿ ಕೇಳಿ ನೋಡಿ, ಒಬ್ಬರೂ ಬಾಯಿ ಬಿಡುವುದಿಲ್ಲ.

ಅದು ಕಟ್ಟಿಕೊಳ್ಳುವ ಮುಹೂರ್ತವನ್ನಾದರೂ ನೋಡಿ. ಗೌರಿ ಹಬ್ಬದ ಹಿಂದಿನ ರಾತ್ರಿ, ಇಲ್ಲವೇ ಬೀಗರು ಬಂದು ಕೈ ತೊಳೆಯಲು ಎದ್ದ ಗಳಿಗೆ. ಸಿಂಕಿನ ನೀರು ಇಳಿಯದೆ ಮೇಲೆ ಸಾಸಿವೆ, ಕರಿಬೇವು ತೇಲುತ್ತಿರುವಾಗ ಬೀಗಿತ್ತಿ ಮುಖ ತಿರುಗಿಸಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಆ ಗಳಿಗೆಯಲ್ಲಿ ಗೃಹಿಣಿಗೆ ಆಗುವ ಅವಮಾನ ಇದೆಯಲ್ಲ, ಅದು ಸಾರಿಗೆ ಉಪ್ಪು ಹೆಚ್ಚಾದಾಗಲೂ ಆಗುವುದಿಲ್ಲ. ಕಟ್ಟಿದ ಮೋರಿ ಎಂದರೆ ‘ಈ ಮನೆಯ ಹೆಂಗಸಿಗೆ ಶುಚಿ ಇಲ್ಲ’ ಎಂದು ಬೋರ್ಡು ಬರೆದು ನೇತು ಹಾಕಿದ ಹಾಗೆ ಎಂದು ನಮ್ಮ ತಲೆಯಲ್ಲಿ ಯಾರೋ ತುಂಬಿಬಿಟ್ಟಿದ್ದಾರೆ. ಈ ನಾಚಿಕೆಯಿಂದ ಆಗುವ ಅನಾಹುತದ ಮಾತನ್ನೇ ನಾನು ಇಲ್ಲಿ ಹೇಳಹೊರಟಿರುವುದು. ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅರಸೀಕೆರೆ ಕಡೆಯ ನನ್ನ ತವರಿನಲ್ಲಿ ಬಚ್ಚಲು ಎಂದರೆ ಹಂಡೆಯ ಒಲೆ, ಎರಡು ಚಪ್ಪಡಿ ಕಲ್ಲು, ಗೋಡೆಯ ಬುಡದಲ್ಲಿ ಒಂದು ತೂತು. ಸ್ನಾನದ ನೀರು ಆ ತೂತಿನಿಂದ ಹೊರಬಿದ್ದು ಸಣ್ಣ ಕಾಲುವೆಯಲ್ಲಿ ಹರಿದು, ಕೆಸುವಿನ ಗಿಡಕ್ಕಿಷ್ಟು, ಬಾಳೆಗಿಷ್ಟು, ಉಳಿದದ್ದು ತೆಂಗಿನ ಬುಡಕ್ಕೆ ಎಂದು ಹಂಚಿಕೊಂಡು ಮುಗಿದುಹೋಗುತ್ತಿತ್ತು. ಪಾತ್ರೆ ಬೆಳಗುವುದು ಹಿತ್ತಿಲ ಕಲ್ಲಿನ ಮೇಲೆ, ಬೂದಿ ಮತ್ತು ತೆಂಗಿನ ನಾರಿನಿಂದ. ಅನ್ನ ಬಸಿದ ಗಂಜಿ ಕಲಗಚ್ಚಿನ ಬಾನಿಗೆ, ಅಲ್ಲಿಂದ ಎಮ್ಮೆಯ ಹೊಟ್ಟೆಗೆ. ಕಾಲುವೆಯಲ್ಲಿ ಕೂದಲೋ ಎಲೆಯೋ ಸಿಕ್ಕಿಕೊಂಡರೆ ಅಮ್ಮ ತೆಂಗಿನ ಗರಿಯ ಕಡ್ಡಿಯಿಂದ ಎತ್ತಿ ಎಸೆಯುತ್ತಿದ್ದಳು. ಎಲ್ಲ ಕಣ್ಣೆದುರಿಗೇ ಇತ್ತು. ಕಣ್ಣೆದುರಿಗೆ ಇರುವ ಮೋರಿ ಕಟ್ಟಿಕೊಳ್ಳುವುದು ಕಡಿಮೆ.

ಪೇಟೆಗೆ ಬಂದೆವು. ಬೂದಿ ಹೋಯಿತು, ಎಮ್ಮೆ ಹೋಯಿತು, ಕೆಸು ತರಕಾರಿ ಅಂಗಡಿಗೆ ಹೋಯಿತು. ಮೋರಿ ಪೈಪಿನೊಳಗೆ ಹೋಗಿ ಗೋಡೆಯಲ್ಲಿ, ನೆಲದಲ್ಲಿ ಅವಿತುಕೊಂಡಿತು. ನಾವು ಹಾಕುವುದು ಮಾತ್ರ ಹೆಚ್ಚಾಯಿತು. ಕರಿದ ಎಣ್ಣೆ, ತುಪ್ಪದ ಜಿಡ್ಡು, ಟೀ ಸೊಪ್ಪು, ಫಿಲ್ಟರಿನ ಕಾಫಿ ಚರಟ, ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರು, ಎಣ್ಣೆಸ್ನಾನದ ದಿನದ ಸೀಗೆಪುಡಿ ಮತ್ತು ಕಡಲೆಹಿಟ್ಟು, ಮನೆಯಲ್ಲಿ ಎಷ್ಟು ಜಡೆಗಳಿವೆಯೋ ಅಷ್ಟೂ ಜಡೆಗಳ ಉದುರು ಕೂದಲು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ನಮ್ಮ ಹಾಸನದಲ್ಲಿ ಡಿಸೆಂಬರ್ ಬಂತೆಂದರೆ ಎಣ್ಣೆ ಬಾಟಲಿಯನ್ನು ಬಿಸಿಲಿಗಿಡುತ್ತೇವಲ್ಲ, ಪೈಪಿನೊಳಗಿನ ಎಣ್ಣೆಯನ್ನು ಯಾರು ಬಿಸಿಲಿಗಿಡುತ್ತಾರೆ? ಅದರ ಮೇಲೆ ಬೋರ್‌ವೆಲ್ಲಿನ ಗಡಸು ನೀರು. ಗಡಸು ನೀರಿನ ಸುಣ್ಣದ ಅಂಶ ಸಾಬೂನಿನ ಜೊತೆ ಸೇರಿ ಬೆಳ್ಳಗಿನ ಗಸಿಯಾಗುತ್ತದೆ. ಕೂದಲು ಬಲೆ ಹೆಣೆಯುತ್ತದೆ, ಗಸಿ ಆ ಬಲೆಯಲ್ಲಿ ಗಾರೆ ಮೆತ್ತುತ್ತದೆ. ಮೇಸ್ತ್ರಿಯೂ ಇಷ್ಟು ಭದ್ರವಾಗಿ ಕಟ್ಟಲಾರ.

ತರಗತಿಯಲ್ಲಿ ಸಿಂಧೂ ನಾಗರಿಕತೆಯ ಪಾಠ ಮಾಡುವಾಗ ನನಗೆ ಮೊಹೆಂಜೊದಾರೊದ ಚರಂಡಿಯ ವಿಷಯ ಬಂದರೆ ಗಂಟೆ ಹೊಡೆದದ್ದೂ ಕೇಳಿಸುವುದಿಲ್ಲ. ನಾಲ್ಕೂವರೆ ಸಾವಿರ ವರ್ಷದ ಹಿಂದೆ ಇಟ್ಟಿಗೆಯ ಚರಂಡಿ ಕಟ್ಟಿ, ಮೇಲೆ ಮುಚ್ಚಿ, ಬೇಕೆಂದಾಗ ತೆಗೆದು ಶುಚಿ ಮಾಡಲು ಅನುಕೂಲ ಇಟ್ಟಿದ್ದರು. ಅಲ್ಲಲ್ಲಿ ಕಸ ತಂಗುವುದಕ್ಕೆಂದೇ ಗುಂಡಿಗಳನ್ನೂ ಮಾಡಿದ್ದರು. ಚರಂಡಿ ಎಂದ ಮೇಲೆ ಒಂದು ದಿನ ಕಟ್ಟುತ್ತದೆ, ಅದನ್ನು ಬಿಚ್ಚಬೇಕಾಗುತ್ತದೆ ಎಂಬುದನ್ನು ಅವರು ನಾಚಿಕೆಯಿಲ್ಲದೆ ಒಪ್ಪಿಕೊಂಡಿದ್ದರು. ನಮ್ಮ ಸಿಂಕಿನ ಕೆಳಗೆ, ಕಮೋಡಿನ ಹಿಂದೆ ಪೈಪು ಬಾಗಿಕೊಂಡು ಅದರಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದಲ್ಲ, ಆ ಉಪಾಯ ತೀರ ಈಚಿನದು. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮ್ಮಿಂಗ್ ಎಂಬಾತ 1775ರಲ್ಲಿ ಇಂಥ ಬಾಗಿದ ಕೊಳವೆಗೆ ಪೇಟೆಂಟ್ ಪಡೆದ. ಆ ನಿಂತ ನೀರೇ ಬಾಗಿಲು. ಚರಂಡಿಯ ದುರ್ನಾತ, ಜಿರಳೆ ಮನೆಯೊಳಗೆ ಬರದಂತೆ ಅದು ತಡೆಯುತ್ತದೆ. ನೀರು ನಿಲ್ಲುವ ಕಡೆ ಕಸವೂ ನಿಲ್ಲುತ್ತದೆ ಎಂಬುದು ಆ ಉಪಕಾರಕ್ಕೆ ನಾವು ತೆರುವ ಸುಂಕ. ಆದ್ದರಿಂದ ಮೋರಿ ಕಟ್ಟಿದರೆ ಅದು ಯಾವ ಗೃಹಿಣಿಯ ಶೀಲದ ಪ್ರಶ್ನೆಯೂ ಅಲ್ಲ, ಪೈಪಿನ ಬಾಗಿನ ಪ್ರಶ್ನೆ.

ಇಷ್ಟು ತಿಳಿದರೂ, ಮೋರಿ ಕಟ್ಟಿದ ಮನೆಯಲ್ಲಿ ಶಾಂತಿ ಎಲ್ಲಿಯದು? ಸಲಹೆಗಳ ಸುರಿಮಳೆ ಶುರುವಾಗುತ್ತದೆ. ನಮ್ಮತ್ತೆಯವರು ‘ಕುದಿಯೋ ನೀರು ಹುಯ್ಯಮ್ಮ, ಜಿಡ್ಡು ತಾನಾಗಿ ಕರಗುತ್ತೆ’ ಎನ್ನುತ್ತಾರೆ. ಎದುರುಮನೆಯ ಲಾಯರಮ್ಮ ‘ಅಡುಗೆ ಸೋಡಾ ಹಾಕಿ ಮೇಲೆ ವಿನಿಗರ್ ಸುರೀರಿ, ಬುರುಬುರು ಅಂತ ಕ್ಲೀನಾಗುತ್ತೆ’ ಎನ್ನುತ್ತಾರೆ. ಯಜಮಾನರು ಮನೆ ಕಟ್ಟಿಸಿದಾಗ ಉಳಿದ ಕಬ್ಬಿಣದ ಸರಳನ್ನು ಎಲ್ಲಿಂದಲೋ ಹುಡುಕಿ ತರುತ್ತಾರೆ. ನಾನು ಅದನ್ನು ಕಸಿದುಕೊಂಡು ಕೈಗೆ ಟಾರ್ಚು ಕೊಟ್ಟು ನಿಲ್ಲಿಸುತ್ತೇನೆ. ಟಾರ್ಚು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅಂಗಡಿಯವನಂತೂ ‘ಈ ಪುಡಿ ಹಾಕಿ ಮಲಗಿಬಿಡಿ ಮೇಡಂ, ಬೆಳಗ್ಗೆ ಹೊಳೆ ಹರಿದಂಗೆ ಹರಿಯುತ್ತೆ’ ಎಂದು ಪೊಟ್ಟಣ ಮುಂದಿಡುತ್ತಾನೆ. ಅದಕ್ಕೂ ಬಗ್ಗದಿದ್ದರೆ ಆ್ಯಸಿಡ್ ಇದ್ದೇ ಇದೆ.

ಈ ಪುಡಿಯ ಮಾತು ಬಂದಾಗಲೆಲ್ಲ ನನಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಎಡಗೈ ನೆನಪಾಗುತ್ತದೆ. ಹಿಂದಿನ ಬೆಂಚಿನ ಹುಡುಗ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷು ಎರಡೂ ಕೈಕೊಟ್ಟವು. ನನ್ನ ಕನ್ನಡದಲ್ಲಿ ಮಾತ್ರ ಪಾಸಾಗಿದ್ದ ಎಂದು ಈಗಲೂ ನನ್ನ ಮೇಲೆ ಅವನಿಗೆ ವಿಶ್ವಾಸ. ಚಿಕ್ಕಪ್ಪನ ಜೊತೆ ಪ್ಲಂಬಿಂಗ್ ಕೆಲಸ ಕಲಿತ. ಈಗ ನಮ್ಮ ಬಡಾವಣೆಯಲ್ಲಿ ನಲ್ಲಿ ಸೋರಿದರೂ ಟ್ಯಾಂಕು ತುಂಬದಿದ್ದರೂ ಅವನ ಫೋನೇ ಹೊಡೆದುಕೊಳ್ಳುವುದು. ಯಾರ ಮನೆಗೆ ಹೋದರೂ ಚೀಲ ಕೆಳಗಿಡುವ ಮೊದಲೇ ಅವನು ಒಂದು ಪ್ರಶ್ನೆ ಕೇಳುತ್ತಾನೆ: ‘ಒಳಗೆ ಏನಾದ್ರೂ ಹಾಕಿದೀರಾ?’ ನಮ್ಮ ಮನೆಯಲ್ಲಿ ಹಾಗೆ ಕೇಳಿದಾಗ ಕಾಫಿ ಕೊಡುತ್ತಾ ‘ಯಾಕಪ್ಪಾ ಹಾಗೆ ಕೇಳ್ತೀಯ?’ ಎಂದೆ. ಅವನು ತೋಳು ಮಡಿಸಿ ಎಡಗೈ ತೋರಿಸಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ, ಮೇಣ ಕರಗಿ ಗಟ್ಟಿಯಾದ ಹಾಗಿತ್ತು.

ಕೆಲಸ ಕಲಿತ ಹೊಸದರಲ್ಲಿ ಒಂದು ಮನೆಗೆ ಹೋಗಿದ್ದನಂತೆ. ಸಿಂಕು ಕಟ್ಟಿತ್ತು. ಆ ಮನೆಯಾಕೆ ರಾತ್ರಿ ಎರಡು ಪೊಟ್ಟಣ ಪುಡಿ ಸುರಿದಿದ್ದರು, ಬೆಳಗ್ಗೆ ನೀರು ಇಳಿಯದ್ದನ್ನು ನೋಡಿ ಬಚ್ಚಲು ತೊಳೆಯುವ ಆ್ಯಸಿಡ್ಡನ್ನೂ ಹುಯ್ದಿದ್ದರು. ಆಮೇಲೆ ಪ್ಲಂಬರನ್ನು ಕರೆಸಿದರು. ‘ಏನಾದ್ರೂ ಹಾಕಿದ್ರಾ ಅಮ್ಮಾ?’ ಎಂದು ಇವನ ಚಿಕ್ಕಪ್ಪ ಬಾಗಿಲಲ್ಲೇ ಕೇಳಿದ್ದ. ಒಳಗಿನಿಂದ ‘ಏನೂ ಇಲ್ಲಪ್ಪ’ ಎಂದು ಉತ್ತರ ಬಂತು. ಇವನು ಸಿಂಕಿನ ಕೆಳಗೆ ಕುಕ್ಕರಗಾಲಲ್ಲಿ ಕುಳಿತು ತಿರುಪು ಸಡಿಲಿಸಿದ. ಒಳಗೆ ಕಾದು ಕುಳಿತಿದ್ದ ನೀರು ಕೈಮೇಲೆ ಎರಚಿತು. ಚಿಕ್ಕಪ್ಪ ಅವನನ್ನು ಹಿತ್ತಿಲ ನಲ್ಲಿಯ ಕೆಳಗೆ ಎಳೆದುಕೊಂಡು ಹೋಗಿ ಕೈ ಹಿಡಿಸಿದ್ದರಿಂದ ಅಷ್ಟಕ್ಕೇ ಉಳಿಯಿತು. ಮುಖ ಸ್ವಲ್ಪ ಬಗ್ಗಿಸಿದ್ದರೆ ಕಣ್ಣು ಹೋಗುತ್ತಿತ್ತು. ಒಂದು ತಿಂಗಳು ಕೂಲಿ ಇಲ್ಲ.

‘ಎಂಥ ಹೆಂಗಸೋ ಮಾರಾಯ’ ಎಂದು ನಾನು ಸಿಟ್ಟಿನಿಂದ ಅಂದದ್ದಕ್ಕೆ ಅವನು ಲೋಟ ಕೆಳಗಿಟ್ಟು ಹೇಳಿದ: ‘ಆ ಅಮ್ಮ ಕೆಟ್ಟೋರಲ್ಲ ಮೇಡಂ. ಆಸ್ಪತ್ರೆ ಖರ್ಚು ಅವರೇ ಕೊಟ್ರು. ಮನೇಲಿ ಯಜಮಾನ್ರು, ಅತ್ತೆ ಎಲ್ಲ ನಿಂತಿದ್ರಲ್ಲ, ಅವರ ಮುಂದೆ ಹೇಳೋಕೆ ನಾಚಿಕೊಂಡ್ರು, ಅಷ್ಟೇ.’

ಅಷ್ಟೇ! ಆ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಸ್ಟಾಫ್ ರೂಮಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರನ್ನು ಹಿಡಿದು ಕೂರಿಸಿ ಈ ಪುಡಿ ಏನು, ಆ್ಯಸಿಡ್ ಏನು, ಎಲ್ಲ ಬಿಡಿಸಿ ಹೇಳಿಸಿಕೊಂಡೆ. ಅವರು ಹೇಳಿದ್ದನ್ನು ನನ್ನ ಬಿ.ಎ. ಬುದ್ಧಿಗೆ ನಿಲುಕಿದ ಭಾಷೆಯಲ್ಲಿ ಹೇಳುತ್ತೇನೆ.

ಮೋರಿ ಬಿಡಿಸುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಅದು ಜಿಡ್ಡನ್ನು ಸಾಬೂನಾಗಿ ಮಾಡುತ್ತದೆ, ಕೂದಲನ್ನು ಕರಗಿಸುತ್ತದೆ. ನಮ್ಮ ಚರ್ಮದಲ್ಲಿಯೂ ಜಿಡ್ಡಿದೆ, ಕೂದಲಿದೆ. ಆ ಪುಡಿಗೆ ಪೈಪು ಯಾವುದು ಕೈ ಯಾವುದು ಎಂಬ ಭೇದವಿಲ್ಲ. ನೀರು ತಾಗಿದೊಡನೆ ಅದು ಕುದಿಯುವಷ್ಟು ಬಿಸಿಯಾಗಬಹುದು. ನೀರು ಸ್ವಲ್ಪವಾದರೂ ಹರಿಯುತ್ತಿದ್ದರೆ ಮುಂದೆ ಹೋದೀತು. ಪೂರ್ತಿ ಕಟ್ಟಿದ ಪೈಪಿನಲ್ಲಿ ಅದು ಒಂದೇ ಕಡೆ ನಿಂತು ಬಿಸಿಯನ್ನು ಪೈಪಿಗೇ ಉಣಿಸುತ್ತದೆ, ಕೆಲವೊಮ್ಮೆ ಕಲ್ಲಿನಂತೆ ಹೆಪ್ಪುಗಟ್ಟಿ ಹೊಸ ಅಡ್ಡಿಯಾಗುತ್ತದೆ. ಇಂದಿನ ಪೈಪುಗಳೆಲ್ಲ ಹೆಚ್ಚುಪಾಲು ಪಿ.ವಿ.ಸಿ. ಅವು ತಡೆಯುವುದು ಸುಮಾರು 60 ಡಿಗ್ರಿ ಶಾಖವನ್ನು. ಅದಕ್ಕಿಂತ ಮೇಲೆ ಹೋದರೆ ಮೆತ್ತಗಾಗಿ ಸೊಟ್ಟಗಾಗುತ್ತವೆ, ಕೂಡಿಸಿದ ಕಡೆ ಬಿಟ್ಟುಕೊಳ್ಳುತ್ತವೆ. ನಮ್ಮತ್ತೆಯವರ ಕುದಿಯುವ ನೀರೂ, ದಿನವೂ ಒಲೆಯಿಂದಿಳಿಸಿ ನೇರವಾಗಿ ಸಿಂಕಿಗೆ ಬಸಿಯುವ ಗಂಜಿಯೂ ಇದೇ ಕೆಲಸ ಮಾಡುತ್ತವೆ. ಕುದಿಯುವ ನೀರು ಬಿದ್ದರೆ ಪಿಂಗಾಣಿಯ ಕಮೋಡು ಸೀಳಿದರೂ ಸೀಳಬಹುದು.

ಇನ್ನು ಆ್ಯಸಿಡ್. ಅದು ಸಿಮೆಂಟಿನ ಸಂದುಗಳನ್ನು, ಮೊಸಾಯಿಕ್ ನೆಲವನ್ನು, ಕಬ್ಬಿಣದ ಪೈಪನ್ನು ತಿನ್ನುತ್ತದೆ. ಕಾಸ್ಟಿಕ್ ಸೋಡಾದ ಮೇಲೆ ಆ್ಯಸಿಡ್ ಬಿದ್ದರೆ ಎರಡೂ ಜಗಳವಾಡಿ ಕಾವೇರಿ ಚಿಮ್ಮುತ್ತವೆ. ಬ್ಲೀಚಿಂಗ್ ಪೌಡರಿನ ಜೊತೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲುಮನೆಯಲ್ಲಿ ಅದು ಉಸಿರು ಕಟ್ಟಿಸಿ ಪ್ರಾಣಕ್ಕೇ ಎರವಾಗಬಹುದು. ಆ್ಯಸಿಡ್ ಮಾರಾಟಕ್ಕೆ ಸುಪ್ರೀಂ ಕೋರ್ಟು 2013ರ ಜುಲೈನಲ್ಲಿ ಕಟ್ಟುಪಾಡು ವಿಧಿಸಿತು. ಅಂಗಡಿಯವನು ಕೊಂಡವರ ಹೆಸರು, ವಿಳಾಸ ಪುಸ್ತಕದಲ್ಲಿ ಬರೆದುಕೊಳ್ಳಬೇಕು, 18 ವರ್ಷದೊಳಗಿನವರಿಗೆ ಕೊಡುವಂತಿಲ್ಲ. ಹುಡುಗಿಯರ ಮುಖಗಳನ್ನು ಸುಟ್ಟ ವಸ್ತು ಅದು. ಅದನ್ನು ಫಿನಾಯಿಲ್ ಪಕ್ಕದಲ್ಲಿ ಹಳೆಯ ತಂಪುಪಾನೀಯದ ಬಾಟಲಿಗೆ ತುಂಬಿ ಇಟ್ಟುಕೊಳ್ಳುವವರನ್ನು ಕಂಡರೆ ನನ್ನ ಎದೆ ನಡುಗುತ್ತದೆ.

ಲಾಯರಮ್ಮನವರ ಸೋಡಾ, ವಿನಿಗರಿನ ವಿಷಯ ಕೇಳಿದ್ದಕ್ಕೆ ಮೇಷ್ಟ್ರು ನಕ್ಕರು. ನೊರೆ ಏಳುವುದು ಕಣ್ಣಿಗೆ ಹಬ್ಬ. ಆದರೆ ಎರಡೂ ಒಂದನ್ನೊಂದು ತಟಸ್ಥ ಮಾಡಿಕೊಂಡು ಕೊನೆಗೆ ಉಳಿಯುವುದು ಉಪ್ಪುನೀರಿನಂಥ ಒಂದು ದ್ರಾವಣ. ಪೈಪಿಗೆ ಕೇಡಿಲ್ಲ, ಗಟ್ಟಿಯಾದ ಕಟ್ಟಿಗೆ ದೊಡ್ಡ ಉಪಯೋಗವೂ ಇಲ್ಲ. ಲಾಯರಮ್ಮನವರಿಗೆ ಈ ತೀರ್ಪನ್ನು ತಿಳಿಸಿದೆ. ಮೇಲ್ಮನವಿ ಹೋಗುವುದಾಗಿ ಹೇಳಿದ್ದಾರೆ.

ಹಾಗಾದರೆ ಮಾಡುವುದೇನು? ಇಲ್ಲಿ ನನ್ನ ಗುರು ಆ ಹಿಂದಿನ ಬೆಂಚಿನ ಹುಡುಗನೇ. ಅವನ ಪಾಠ ಇದು.

ಮೊದಲು ಎಲ್ಲಿ ಕಟ್ಟಿದೆ ಎಂದು ನೋಡಬೇಕು. ಸಿಂಕು ಒಂದೇ ಕಟ್ಟಿದ್ದರೆ ಅಡ್ಡಿ ಅದರ ಹತ್ತಿರದಲ್ಲೇ ಇದೆ. ಕಮೋಡಿಗೆ ನೀರು ಬಿಟ್ಟಾಗ ಬಚ್ಚಲಿನ ತೂತಿನಲ್ಲಿ ಗೊಳಗೊಳ ಎಂದರೆ, ಎಲ್ಲ ಕಡೆಯೂ ನೀರು ನಿಧಾನವಾದರೆ, ಅಡ್ಡಿ ಹೊರಗಿನ ದೊಡ್ಡ ಪೈಪಿನಲ್ಲಿದೆ. ಒಳಗೆ ಎಷ್ಟು ಗುದ್ದಾಡಿದರೂ ಪ್ರಯೋಜನವಿಲ್ಲ.

ಸಿಂಕಿನದಾದರೆ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಮೇಲಿನ ಜಾಲರಿಯ ಕಸ ತೆಗೆಯಿರಿ. ಕೆಳಗೆ ಬಕೆಟ್ ಇಡಿ. ಬಟ್ಟಲಿನಂತೆ ಜೋತ ಟ್ರ್ಯಾಪ್ ಇದ್ದರೆ ಅದರ ತಳದ ಬಟ್ಟಲನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ. ಪ್ಲಾಸ್ಟಿಕ್ಕಿನ ಮರೆಗೆ ಸ್ಪ್ಯಾನರ್ ಹಾಕಿದರೆ ಸೀಳುತ್ತದೆ. ಒಳಗಿನ ರಬ್ಬರ್ ವಾಷರ್ ಯಾವ ಮುಖ ಮೇಲಿತ್ತು ಎಂದು ನೋಡಿಟ್ಟುಕೊಳ್ಳಿ. ಹಲವರ ಮನೆಯಲ್ಲಿ ಇರುವಂಥ ಬಳುಕುವ ಸುರುಳಿ ಪೈಪಾದರೆ ಅದರ ಮಡಿಕೆ ಮಡಿಕೆಯಲ್ಲೂ ಜಿಡ್ಡು ಕೂತಿರುತ್ತದೆ. ಬಿಚ್ಚಿ ಹಿತ್ತಿಲಲ್ಲಿ ತೊಳೆಯಬಹುದು, ಹಳತಾಗಿದ್ದರೆ ಹೊಸದನ್ನೇ ತಂದು ಹಾಕಬಹುದು. ಬಕೆಟ್ಟಿನ ಗಲೀಜು ನೀರನ್ನು ಮಾತ್ರ ಅಭ್ಯಾಸಬಲದಿಂದ ಅದೇ ಸಿಂಕಿಗೆ ಸುರಿಯಬೇಡಿ. ನಮ್ಮ ಪಕ್ಕದ ಮನೆಯ ರಾಯರು ಹಾಗೆ ಸುರಿದು, ಕೆಳಗೆ ಬಗ್ಗಿ ಟಾರ್ಚು ಹಿಡಿದಿದ್ದ ಮಗನಿಗೆ ಅಭ್ಯಂಜನವಾಯಿತು.

ಬಚ್ಚಲಿನದು ಮುಕ್ಕಾಲುಪಾಲು ಕೂದಲೇ. ನೆಲದ ಜಾಲರಿ ಎತ್ತಿದರೆ ಒಳಗೆ ಲೋಟ ಬೋರಲು ಹಾಕಿದಂಥದೊಂದು ಇರುತ್ತದೆ. ಅದನ್ನೂ ತೆಗೆದು ಕೂದಲನ್ನು ಕೈಯಿಂದಲೋ, ತುದಿ ಮಡಿಸಿದ ಮೆತ್ತನೆಯ ತಂತಿಯಿಂದಲೋ, ಅಂಗಡಿಯಲ್ಲಿ ಸಿಗುವ ಹಲ್ಲುಗಳಿರುವ ಪ್ಲಾಸ್ಟಿಕ್ ಪಟ್ಟಿಯಿಂದಲೋ ಎಳೆಯಿರಿ. ಒಳಕ್ಕೆ ತಳ್ಳಬೇಡಿ; ತಳ್ಳಿದ್ದು ಮುಂದಿನ ಬಾಗಿನಲ್ಲಿ ಕುಳಿತು ಕಾಯುತ್ತದೆ. ಕಬ್ಬಿಣದ ಸರಳು ಹಾಕಿ ಕುಟ್ಟಿದರೆ ಬಾಗಿನಲ್ಲಿ ಪೈಪು ಒಡೆಯುತ್ತದೆ. ಆ ನೀರು ಗೋಡೆಗೆ ಇಳಿದು ಆರು ತಿಂಗಳ ಮೇಲೆ ಕೆಳಗಿನ ಮನೆಯ ಸೂರಿನಲ್ಲಿ ಕಲೆಯಾಗಿ ಕಾಣಿಸಿಕೊಂಡಾಗ ಜಗಳಕ್ಕೆ ಕಾರಣ ಯಾರಿಗೂ ನೆನಪಿರುವುದಿಲ್ಲ. ಆ ಬೋರಲು ಲೋಟವನ್ನು ಮರೆಯದೆ ವಾಪಸು ಇಡಿ. ‘ಇದರಿಂದಲೇ ನೀರು ಹೋಗೊಲ್ಲ’ ಎಂದು ಕಿತ್ತೆಸೆದರೆ ದುರ್ನಾತಕ್ಕೆ ಬಾಗಿಲು ತೆಗೆದಂತೆಯೇ.

ಇಷ್ಟಕ್ಕೂ ಬಗ್ಗದಿದ್ದರೆ ರಬ್ಬರ್ ಪಂಪು. ಮರದ ಹಿಡಿಗೆ ಅರ್ಧ ತೆಂಗಿನ ಚಿಪ್ಪಿನಂಥ ರಬ್ಬರ್ ಇರುತ್ತದಲ್ಲ, ಅದು. ರಬ್ಬರ್ ಮುಳುಗುವಷ್ಟು ನೀರಿರಬೇಕು. ಸಿಂಕಿನಲ್ಲಿ ಎರಡು ತೊಟ್ಟಿ ಇದ್ದರೆ ಇನ್ನೊಂದರ ಬಾಯಿಗೆ, ವಾಷ್ ಬೇಸಿನ್ನಿನ ಮೇಲ್ತೂತಿಗೆ ಒದ್ದೆ ಬಟ್ಟೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಗಾಳಿ ಅಲ್ಲಿಂದ ತಪ್ಪಿಸಿಕೊಳ್ಳುತ್ತದೆ. ಹದಿನೈದು ಇಪ್ಪತ್ತು ಸಲ ಒಂದೇ ಲಯದಲ್ಲಿ ಒತ್ತಿ ಎಳೆಯಬೇಕು. ಒತ್ತುವುದಕ್ಕಿಂತ ಎಳೆಯುವುದರಲ್ಲೇ ಗುಟ್ಟಿದೆ ಎನ್ನುತ್ತಾನೆ ನನ್ನ ಶಿಷ್ಯ. ಮಜ್ಜಿಗೆ ಕಡೆದವರಿಗೆ ಈ ಲಯ ಹೇಳಿಕೊಡಬೇಕಿಲ್ಲ. ಪುಡಿ, ಆ್ಯಸಿಡ್ ಬಿದ್ದ ಮೋರಿಗೆ ಮಾತ್ರ ಪಂಪು ಹಾಕಲೇಬಾರದು, ಮುಖಕ್ಕೆ ಎರಚುತ್ತದೆ. ನೀರು ಹರಿಯತೊಡಗಿದ ಮೇಲೆ ಕೈ ತಾಳುವಷ್ಟು ಬಿಸಿನೀರಿಗೆ ಪಾತ್ರೆ ತೊಳೆಯುವ ಸಾಬೂನು ಕಲಸಿ ಒಂದು ಬಕೆಟ್ ಬಿಟ್ಟರೆ ಉಳಿದ ಜಿಡ್ಡೂ ಹೋಗುತ್ತದೆ.

ಯಾರ ಮೈಮೇಲಾದರೂ ಪುಡಿಯ ನೀರೋ ಆ್ಯಸಿಡ್ಡೋ ಬಿದ್ದರೆ ಅರಿಸಿನ, ನಿಂಬೆಹಣ್ಣು, ಬೆಣ್ಣೆ ಎಂದು ಓಡಾಡಬೇಡಿ. ತಕ್ಷಣ ಹರಿಯುವ ನೀರಿನ ಕೆಳಗೆ ಹಿಡಿಯಿರಿ. ತಾಗಿದ ಬಟ್ಟೆ, ಬಳೆ, ವಾಚು ಬಿಚ್ಚಿ. ಕಣ್ಣಿಗಾದರೆ ರೆಪ್ಪೆ ಬಿಡಿಸಿ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದೆ ನೀರು ಬಿಟ್ಟು, ಆಮೇಲೆ ಆಸ್ಪತ್ರೆಗೆ. ಹೋಗುವಾಗ ಪೊಟ್ಟಣವನ್ನೂ ಕೈಯಲ್ಲಿ ಹಿಡಿದುಕೊಳ್ಳಿ, ಡಾಕ್ಟರಿಗೆ ಉಪಯೋಗವಾಗುತ್ತದೆ.

ಅಡ್ಡಿ ಹೊರಗಿನ ಚೇಂಬರಿನ ಕಡೆಗಿದ್ದರೆ ಅದು ನಮ್ಮ ನಿಮ್ಮ ಕೈಯ ಕೆಲಸವಲ್ಲ. ಕೆಲಸ ಬಲ್ಲವನು ಮೇಲೆ ನಿಂತೇ ಬಿದಿರಿನ ಸೀಳನ್ನೋ ಸ್ಪ್ರಿಂಗ್ ತಂತಿಯನ್ನೋ ಬಿಡುತ್ತಾನೆ; ದೊಡ್ಡದಾದರೆ ಪುರಸಭೆ, ನಗರಸಭೆಗಳ ಯಂತ್ರದ ಗಾಡಿ ಕರೆಸಬೇಕು. ‘ಐನೂರು ಜಾಸ್ತಿ ಕೊಡ್ತೀನಿ, ಒಳಗಿಳಿದು ತೆಗೀ’ ಎಂದು ಯಾವ ಬಡವನಿಗೂ ಹೇಳಕೂಡದು. ಒಳಗಿನ ವಿಷಾನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯನ್ನೇ ಕೊಂದುಬಿಡುತ್ತದೆ. ಇಳಿದವನಿಗೆ ತಾನು ಸಾಯುತ್ತಿದ್ದೇನೆ ಎಂಬುದೂ ತಿಳಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನು 1993ರಲ್ಲಿ ಬಂತು. ಚರಂಡಿ, ಗುಂಡಿಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದ ಕಾನೂನು 2013ರದು. ಹಾಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿದ್ದನ್ನು ಓದಿ ಸಮಾಧಾನಪಡಲು ಮನಸ್ಸು ಬರುವುದಿಲ್ಲ. ಅದು ಏರಬೇಕಾಗಿ ಬಂತು ಎಂದರೆ ಸಾವು ನಿಂತಿಲ್ಲ ಎಂದೇ ಅಲ್ಲವೇ?

ಕಟ್ಟದಂತೆ ನೋಡಿಕೊಳ್ಳುವುದಕ್ಕೆ ದುಡ್ಡೇನೂ ಬೇಡ. ಸಿಂಕಿಗೆ, ಬಚ್ಚಲಿಗೆ ಒಂದೊಂದು ಸಣ್ಣ ಕಣ್ಣಿನ ಜಾಲರಿ. ಕರಿದ ಬಾಣಲೆಯನ್ನು ಮೊದಲು ಹಳೆಯ ಪೇಪರಿನಿಂದ ಒರೆಸಿ ಆಮೇಲೆ ತೊಳೆಯುವುದು. ಕಾಫಿ ಚರಟ, ಟೀ ಸೊಪ್ಪು ಗುಲಾಬಿ ಕುಂಡಕ್ಕೆ. ಗಂಜಿ ಆರಿದ ಮೇಲೆ ಗಿಡಕ್ಕೋ ಸೀರೆಗೋ. ತಲೆ ಬಾಚಿದ ಕೂದಲು ಕಸದ ಬುಟ್ಟಿಗೆ. ಬಕೆಟ್ಟಿನಲ್ಲಿ ಬಿಟ್ಟ ಮಣ್ಣಿನ ಗಣಪ ಕರಗಿದ ಮೇಲೆ ಆ ನೀರು ತೆಂಗಿನ ಬುಡಕ್ಕೆ ಹೋಗಬೇಕು, ಬಚ್ಚಲಿಗಲ್ಲ. ಬಳಸದ ಬಚ್ಚಲಿದ್ದರೆ ವಾರಕ್ಕೊಂದು ಚೊಂಬು ನೀರು ಹುಯ್ಯಿರಿ, ಕಮ್ಮಿಂಗ್ ಸಾಹೇಬನ ನೀರಿನ ಬಾಗಿಲು ಒಣಗದಿರಲಿ. ಇವೆಲ್ಲ ನಮ್ಮ ಅಮ್ಮಂದಿರು ಹಿತ್ತಿಲಲ್ಲಿ ಮಾಡುತ್ತಿದ್ದ ಕೆಲಸಗಳೇ.

ಇಷ್ಟನ್ನು ನಮ್ಮ ಬೀದಿಯ ಹೆಂಗಸರಿಗೆ ಒಂದು ಭಾನುವಾರ ಹೇಳಿದೆ. ಆ ಹುಡುಗನನ್ನೂ ಕರೆಸಿದ್ದೆ. ಸಂಕೋಚದಿಂದ ಬಾಗಿಲ ಹತ್ತಿರವೇ ನಿಂತಿದ್ದವನನ್ನು ಕುರ್ಚಿಯಲ್ಲಿ ಕೂರಿಸಿದೆ. ಅವನು ಬಿಚ್ಚಿ ತೋರಿಸಿದ, ಜೋಡಿಸಿ ತೋರಿಸಿದ. ಕೊನೆಗೆ ತೋಳು ಮಡಿಸಿ ಕೈಯನ್ನೂ ತೋರಿಸಿದ. ಯಾರೂ ಮಾತಾಡಲಿಲ್ಲ. ಮೂಲೆಮನೆಯ ಹೊಸ ಸೊಸೆ ಮಾತ್ರ ಮೆಲ್ಲಗೆ, ‘ಪುಡಿ ಹಾಕಿದ್ರೆ ಮೊದಲೇ ಹೇಳಬೇಕು ಅಲ್ವಾ ಅಣ್ಣಾ?’ ಎಂದಳು. ‘ಹೇಳಿದ್ರೆ ಸಾಕು ಅಕ್ಕಾ. ಒಂದು ಕೊಡ ನೀರು ಹೆಚ್ಚಾಗಿ ಇಟ್ಕೊಂಡು, ಗ್ಲೌಸು ಕನ್ನಡಕ ಹಾಕ್ಕೊಂಡು ಕೆಲಸ ಮಾಡ್ತೀನಿ. ನಾನೇನೂ ಬೈಯೊಲ್ಲ’ ಎಂದ.

ಹಿಂದೆ ನಮ್ಮ ಬೀದಿಯಲ್ಲಿ ಮನೆಯಿಂದ ಮನೆಗೆ ತಿರುಗುತ್ತಿದ್ದದ್ದು ಚಕ್ಕುಲಿ ಒರಳು, ಶಾವಿಗೆ ಒರಳು. ಈಗ ಆ ಪಟ್ಟಿಗೆ ನಮ್ಮ ಮನೆಯ ರಬ್ಬರ್ ಪಂಪೂ ಸೇರಿದೆ. ಮೊದಮೊದಲು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದರು. ಮೊನ್ನೆ ಗಣಪತಿ ಹಬ್ಬದ ಬೆಳಗ್ಗೆ, ಬೀದಿ ತುಂಬ ಹೂವಿನವರು, ಬಾಳೆಕಂಬದವರು ಇರುವಾಗ, ಮೂಲೆಮನೆಯ ಆ ಸೊಸೆ ಕಾಂಪೌಂಡಿನ ಆಚೆಯಿಂದಲೇ ಕೂಗಿದಳು: ‘ಟೀಚರೇ, ನಮ್ಮ ಮೋರಿ ಕಟ್ಟಿದೆ, ಪಂಪು ಕೊಡ್ತೀರಾ?’